ಫುಟ್‌ಬಾಲ್ ಕ್ಲಬ್ಬಿನ ಮನೆತನ ವಿಚಾರಿಸಿದ್ದು

ನನ್ನ ಮದುವೆಗೆ ಮುಂಚೆ ಅಪ್ಪ ಗಂಡಿನ ಊರಿಗೆ ಹೋಗಿ, ಅವರ ಮನೆ ಎದುರಿನ ಹೋಟೆಲಿನಲ್ಲಿ ಚಹಾದ ಮೇಲೆ ಚಹಾ ಕುಡಿಯುತ್ತ ಏಳು ತಲೆಮಾರು ಜಾಲಾಡಿ ಬಂದಿದ್ದರು. ಹೆಣ್ಣು ಕೊಡುವುದೆಂದರೆ ಹಾಗೆ. ಈಗ ನಾವು ದೇಶ ಬಿಟ್ಟು ಬಂದು ನೆಲೆಸಿದ ಕ್ಯಾಸಲ್‌ನಾಕ್‌ನ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ನಾನೂ ಅದನ್ನೇ ಮಾಡುತ್ತಿದ್ದೆ. ಗಂಡಿನ ಮನೆಯಲ್ಲ, ಸ್ವಿಟ್ಜರ್ಲೆಂಡಿನ ಒಂದು ಫುಟ್‌ಬಾಲ್ ಕ್ಲಬ್ಬು. ಹದಿನೆಂಟರ ಮಗಳನ್ನು ತಮ್ಮ ಹೆಣ್ಣುಮಕ್ಕಳ ತಂಡಕ್ಕೆ ಗೋಲ್‌ಕೀಪರಾಗಿ ಕರೆದಿದ್ದರು. ಐದು ಗಂಟೆಗೆ ಅಲ್ಲಿಯ ಕೋಚ್ ಫೋನ್ ಮಾಡುವವಳಿದ್ದಳು.

“ಇಫ್ ಯು ಸೇ ನೋ, ಐ ವೋಂಟ್ ಗೋ, ಮ್ಯಾಮಿ,” ಎಂದು ಮಗಳು ತೀರ್ಮಾನವನ್ನು ನನ್ನ ತಲೆಗೆ ಕಟ್ಟಿದ್ದಳು. ಯಜಮಾನರು “ನೀನೇ ನೋಡು” ಎಂದು ಬ್ಯೂಮಾಂಟಿನ ಆಸ್ಪತ್ರೆ ಡ್ಯೂಟಿಗೆ ಜಾರಿಕೊಂಡಿದ್ದರು.

ಬೇಡವೆನ್ನಲು ನನಗೊಂದು ಹುಳುಕು ಬೇಕಿತ್ತು. ಕಳಿಸಲು ಹೆದರಿಕೆ, ಅಷ್ಟೇ. ಇಲ್ಲಿಯ ತಂಡದ ಕಳೆದ ಫೈನಲ್‌ನಲ್ಲಿ ಚೆಂಡು ಅವಳ ಕೈಯಿಂದ ಜಾರಿ ಕಪ್ ಕೈತಪ್ಪಿತ್ತು. ಆಮೇಲೆ ಎಲ್ಲರೂ ಪಿಜ್ಜಾ ತಿನ್ನುವಾಗ ಅವಳ ಮೇಜಿಗೆ ಒಬ್ಬರೂ ಬರಲಿಲ್ಲ. ಹುಟ್ಟಿ ಬೆಳೆದ ಊರಿನಲ್ಲೇ ಹೀಗಾದರೆ ಗುರುತು ಪರಿಚಯವಿಲ್ಲದ ಕಡೆ ಇನ್ನೇನು?

ಹಿತ್ತಲಲ್ಲಿ ಅವಳು ಗೋಡೆಗೆ ಚೆಂಡೆಸೆದು ಹಿಡಿಯುತ್ತಿದ್ದಳು. ದಬ್, ದಬ್. ನಾನು ಓದುತ್ತಿದ್ದೆ. ಯಾರೋ ಗುಮಾಸ್ತರು ಸೇರಿ ಕಟ್ಟಿದ ಕ್ಲಬ್ಬು, ಮೊದಲು ಸ್ವಂತ ಮೈದಾನವೂ ಇರಲಿಲ್ಲ. ಆಮೇಲೆ ಕಪ್ ಮೇಲೆ ಕಪ್ ಗೆಲುವು, ದೊಡ್ಡ ಸ್ಟೇಡಿಯಂ. ಇಂಥ ಸಂಬಂಧ ಸಿಕ್ಕಿದ್ದರೆ ಅಪ್ಪ ಅವತ್ತೇ ತಾಂಬೂಲ ಬದಲಾಯಿಸಿಬಿಡುತ್ತಿದ್ದರು. ಐದಾಗುತ್ತ ಬಂದಿತ್ತು. ಆಗ ಹುಳುಕು ಸಿಕ್ಕಿತು. ಒಂದು ಕಾಲದಲ್ಲಿ ಕೊನೆಯ ಪಂದ್ಯ ಸೋತು ಎರಡನೇ ದರ್ಜೆಗೆ ಬಿದ್ದವರು ವರ್ಷಗಟ್ಟಲೆ ಮೇಲೇಳಲೇ ಇಲ್ಲ.

ಹಿತ್ತಲ ಬಾಗಿಲು ತೆರೆದೆ. “ಬಿದ್ದ ಮನೆ ಕಣೇ ಅದು. ಸೆಕೆಂಡ್ ಡಿವಿಜನ್‌ಗೆ ಇಳಿದಿದ್ರು, ಗೊತ್ತಾ ನಿಂಗೆ?”

ಅವಳು ಚೆಂಡನ್ನು ಎದೆಗವಚಿಕೊಂಡಳು. “ಐ ನೋ. ದೇ ಕೆಪ್ಟ್ ದ ಕೀಪರ್, ಮ್ಯಾಮಿ.”

ಆ ಕೊನೆಯ ಪಂದ್ಯದಲ್ಲಿ ಗೋಲು ಬಿಟ್ಟವನನ್ನು ಅವರು ಹೊರಗೆ ಹಾಕಲಿಲ್ಲವಂತೆ. ಕ್ಲಬ್ಬು ಮತ್ತೆ ಮೇಲೆ ಬಂದ ದಿನವೂ ಗೋಲಿನಲ್ಲಿ ನಿಂತಿದ್ದವನು ಅವನೇ ಅಂತೆ. ನಾನು ಕಷ್ಟಪಟ್ಟು ಹುಡುಕಿದ ಹುಳುಕನ್ನು ಅವಳು ಎಂದೋ ಓದಿ, ಅದಕ್ಕೇ ಆ ಕ್ಲಬ್ಬನ್ನು ಮೆಚ್ಚಿದ್ದಳು. ಅಪ್ಪನೂ ಆಸ್ತಿ, ನಡತೆ, ಕಾಯಿಲೆ ಎಲ್ಲ ವಿಚಾರಿಸಿದ್ದರು. ತಪ್ಪು ಮಾಡಿದವರನ್ನು ಆ ಮನೆಯಲ್ಲಿ ಹೇಗೆ ನೋಡುತ್ತಾರೆ ಎಂಬುದೊಂದನ್ನು ಕೇಳಿರಲಿಲ್ಲ. ಅದನ್ನು ನಾನು ಸೊಸೆಯಾಗಿ ಹೋದ ಮೇಲೆ ಕಲಿತೆ.

ಫೋನ್ ಬಂತು. ಕೋಚ್ ನನಗೆ ರೂಮು, ಸಂಬಳ, ಓದು ಎಲ್ಲವನ್ನೂ ವಿವರಿಸಿ, ಏನಾದರೂ ಕೇಳುವುದಿದೆಯೇ ಎಂದಳು. ನಾನು ಯೋಚಿಸಿಟ್ಟುಕೊಂಡಿದ್ದ ಪ್ರಶ್ನೆಗಳೆಲ್ಲ ಮರೆತುಹೋಗಿದ್ದವು.

“ಇವಳು ಗೋಲು ಬಿಟ್ಟ ದಿನ, ಊಟಕ್ಕೆ ಇವಳ ಜೊತೆ ಯಾರು ಕೂರ್ತಾರೆ?” ಎಂದು ನನ್ನ ಇಂಗ್ಲಿಷಿನಲ್ಲೇ ಕೇಳಿದೆ.

ಹಿತ್ತಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮಗಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

“ನಾನು ಕೂರುತ್ತೇನೆ,” ಎಂದಳು ಕೋಚ್. “ನಾನೂ ಗೋಲ್‌ಕೀಪರ್ ಆಗಿದ್ದವಳೇ.”

“ಹಾಗಾದ್ರೆ ಕಳಿಸ್ತೀನಿ,” ಎಂದೆ.