ಅಡೇನಿಯಂ ಗಿಡಕ್ಕೆ ನೀರು

ಕಡೂರಿನಲ್ಲಿ ನನ್ನದೊಂದು ನರ್ಸರಿ ಇದೆ. ಒಂದು ಬೆಳಿಗ್ಗೆ ಪಂಚನಹಳ್ಳಿ ಕಡೆಯ ವಯಸ್ಸಾದ ಹೆಂಗಸೊಬ್ಬರು ಕುಂಡದ ಸಮೇತ ಅಡೇನಿಯಂ ಗಿಡ ತಂದು ನನ್ನ ಮುಂದಿಟ್ಟರು.

"ಹೆಂಗಾದ್ರೂ ಮಾಡಿ ಉಳಿಸ್ಕೊಡಪ್ಪಾ. ನನ್ನ ಮಗಳು ಇಟ್ಟ ಗಿಡ."

ಅದು ಆಫ್ರಿಕಾದ ಒಣನೆಲದ ಗಿಡ. ದಪ್ಪ ಬುಡದಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ಬೆರಳಿನಿಂದ ಒತ್ತಿ ನೋಡಿದೆ. ಬುಡ ಕೊಳೆತು ಮೆತ್ತಗಾಗಿತ್ತು.

"ನೀರು ಎಷ್ಟು ಹಾಕ್ತಿದ್ರಮ್ಮಾ?"

"ಅವಳು ತೀರ್ಕೊಂಡ್ಮೇಲೆ ಒಂದಿನಾನೂ ತಪ್ಸಿಲ್ಲ ಕಣಪ್ಪಾ. ಬೆಳಿಗ್ಗೆ ಎದ್ದ ತಕ್ಷಣ ಒಂದು ಚೊಂಬು, ಸಂಜೆ ಒಂದು ಚೊಂಬು. ನನ್ನಿಂದ ಏನಾದ್ರೂ ತಪ್ಪಾಯ್ತಾ?"

ನೀರು ಹೆಚ್ಚಾಗಿಯೇ ಕೊಳೆತಿದೆ ಅನ್ನುವ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ. "ಇಲ್ಲಮ್ಮ, ಹುಳ ಬಿದ್ದಿದೆ" ಅಂದೆ.

ಗಟ್ಟಿಯಾಗಿದ್ದ ಒಂದು ರೆಂಬೆ ಕತ್ತರಿಸಿ ಕೊಟ್ಟೆ. "ನೆರಳಲ್ಲಿ ಒಣಗಿಸಿ, ಆಮೇಲೆ ಮರಳಲ್ಲಿ ನೆಡಿ. ಚಿಗುರೋವರೆಗೂ ನೀರು ಹಾಕ್ಬೇಡಿ."

ರೆಂಬೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅವರು ಅಲ್ಲೇ ನಿಂತರು. "ಅಲ್ಲೀಗಂಟ ಬೆಳಿಗ್ಗೆ ಎದ್ದು ನಾನೇನು ಮಾಡ್ಲಪ್ಪಾ?"

"ಬೆಳಿಗ್ಗೆ ಒಂದ್ಸಲ ಕುಂಡ ತಿರುಗಿಸಿ ಇಡಿ. ಸಂಜೆ ಮರೀದೆ ಮತ್ತೆ ತಿರುಗಿಸಿ" ಅಂದೆ.

ಅಡೇನಿಯಂಗೆ ಹಾಗೆ ತಿರುಗಿಸುವ ಅಗತ್ಯವೇನೂ ಇಲ್ಲ.