ಹನ್ನೊಂದು ಒಂದುಗಳು

ಊರಾಚೆಯ ವೇಬ್ರಿಡ್ಜ್‌ನಲ್ಲಿ ಲಾರಿ ತೂಗುವುದು ಅವನ ಕೆಲಸ. ಬೆಳಿಗ್ಗೆ ಸ್ವಿಚ್ ಹಾಕಿದೊಡನೆ ಅಲ್ಲಿನ ಪ್ರಿಂಟರ್ ತನಗಿನ್ನೂ ಜೀವವಿದೆಯೆಂದು ತೋರಿಸಲು ಒಂದು ಚೀಟಿಯ ಮೇಲೆ ಹನ್ನೊಂದು ಒಂದುಗಳನ್ನು ಅಚ್ಚೊತ್ತುತ್ತದೆ: 11111111111. ಬೇರೆ ಯಾರಾದರೂ ಅದನ್ನು ಬುಟ್ಟಿಗೆ ಎಸೆಯುತ್ತಿದ್ದರು. ಇವನು ಮಾತ್ರ ಈ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವಂಥದ್ದು ಏನಾದರೂ ಇದೆಯೇ ಎಂದು ತಲೆಗೆ ಹಚ್ಚಿಕೊಂಡ. ಅದಕ್ಕೀಗ ಎಂಟು ವರ್ಷ.

ದಿನಕ್ಕೊಂದು ಭಾಗಾಕಾರ, ಲಾರಿ ಇಲ್ಲದ ಹೊತ್ತಿನಲ್ಲಿ, ಅದೇ ಚೀಟಿಯ ಹಿಂಬದಿಯಲ್ಲಿ. ಎರಡರಿಂದ ಹೋಗದ್ದು ನಾಲ್ಕರಿಂದಲೂ ಹೋಗದು. ಹಾಗಾಗಿ ಅವಿಭಾಜ್ಯ ಸಂಖ್ಯೆಗಳನ್ನಷ್ಟೇ ಹಿಡಿದರೆ ಸಾಕು. ಅದರ ವರ್ಗಮೂಲ, ಅಂದರೆ ಒಂದು ಲಕ್ಷದ ಐದು ಸಾವಿರ ಚಿಲ್ಲರೆಯವರೆಗೆ ಯಾವುದರಿಂದಲೂ ಹೋಗದಿದ್ದರೆ ಈ ಸಂಖ್ಯೆಯೂ ಅವಿಭಾಜ್ಯ. ಅವನೀಗ 23000ದ ಹತ್ತಿರವಿದ್ದ. ವಯಸ್ಸು ಐವತ್ತೆಂಟು. ಇದೇ ವೇಗದಲ್ಲಿ ಎಂಬತ್ತಮೂರಕ್ಕೆ ಮುಗಿಯಬೇಕು.

"ಕಂಪ್ಯೂಟರ್‌ಗೆ ಕೊಟ್ರೆ ಆಗಲ್ವೇನ್ರೀ?" ಎಂದು ಹೆಂಡತಿ ಒಮ್ಮೆ ಕೇಳಿದ್ದಳು.

"ಅದಕ್ಕೆ ಕೊಡೋದಾದ್ರೆ ನಾನ್ಯಾಕೆ?" ಎಂದಿದ್ದ.

ಸಂಜೆ ತಾಳೆ ನೋಡುವುದು ಅವಳ ಪಾಲು. ಹೊಲಿಗೆ ಮಿಷನ್ನಿನ ಮುಂದೆ ಕೂತೇ ಅಂಕಿಗಳನ್ನು ಕೂಡಿಸಿ, ಒಂಬತ್ತುಗಳನ್ನು ಕಳೆದು, ಎರಡೂ ಕಡೆ ಒಂದೇ ಉಳಿದರೆ ನೀಲಿ ಪೆನ್ಸಿಲ್ಲಿನಿಂದ ರೈಟು ಹಾಕುತ್ತಿದ್ದಳು. ಕೆಲಸದಲ್ಲಿ ಚೊಕ್ಕ. ಆದರೆ ಬಾಯಲ್ಲಿ ಎಳ್ಳು ನೆನೆಯದು. ನಾದಿನಿ ಬಸುರಿಯೆಂದು ನಾದಿನಿಯ ಗಂಡನಿಗೆ ತಿಳಿದದ್ದೇ ಇವಳಿಂದ.

ಸೋಮವಾರ ಮಧ್ಯಾಹ್ನ ಬಂದ ಮಗಳು ಫೋನು ತೋರಿಸಿದಳು. "ನೋಡಮ್ಮಾ, ಒಂದು ಸೆಕೆಂಡೂ ಆಗ್ಲಿಲ್ಲ. 21649ನ್ನ 513239ರಿಂದ ಗುಣಿಸಿದ್ರೆ ಅಪ್ಪನ ಸಂಖ್ಯೆ ಬರುತ್ತೆ. ಅಪ್ಪ ಅದನ್ನ ದಾಟಿ ಆರು ತಿಂಗಳಾಗಿರ್ಬೇಕಲ್ಲ?"

"ಅಪ್ಪಂಗೆ ಹೇಳಿದ್ರೆ ನೋಡು ಮತ್ತೆ!" ಎಂದಳು ತಾಯಿ. ಮಗಳು ನಕ್ಕಳು. ಆ ಮಾತು ಇಷ್ಟು ವರ್ಷ ಉಳಿದವರೆಲ್ಲ ತಾಯಿಗೆ ಹೇಳುತ್ತಿದ್ದದ್ದು.

ಮಗಳು ಹೋದಮೇಲೆ ತಾಯಿ ಹಳೆಯ ಚೀಟಿಗಳಿದ್ದ ಬಿಸ್ಕತ್ತಿನ ಡಬ್ಬ ಸುರುವಿ 21649ರ ಚೀಟಿ ಹುಡುಕಿದಳು. ನಡುವಿನಲ್ಲಿ 7012 ಬರೆಯಬೇಕಾದಲ್ಲಿ ಗಂಡ 7021 ಬರೆದಿದ್ದ. ಅಂಕಿಗಳು ಸ್ಥಾನ ಬದಲಿಸಿದರೆ ಕೂಡಿದ ಮೊತ್ತ ಬದಲಾಗುವುದಿಲ್ಲ. ಒಂಬತ್ತರ ತಾಳೆಗೆ ಆ ತಪ್ಪು ಸಿಗುವುದೇ ಇಲ್ಲ. ಕೆಳಗೆ ಅವಳದೇ ನೀಲಿ ರೈಟು. ಹೇಳಿದರೆ ಎಂಟು ವರ್ಷದ ಹುಡುಕಾಟ ಫೋನಿನ ಪಾಲಾಗುತ್ತದೆ. ಹೇಳದಿದ್ದರೆ ಈ ಮನುಷ್ಯ ಎಂಬತ್ತಮೂರರವರೆಗೆ ಭಾಗಿಸಿ, ಅವಳ ರೈಟನ್ನು ನಂಬಿ, ತಪ್ಪು ಉತ್ತರಕ್ಕೆ ಬಂದು ಕೂರುತ್ತಾನೆ.

ಆಮೇಲೆ ಗಂಡ ಮಾತಾಡಿಸಿದಾಗಲೆಲ್ಲ ಗುಂಡುಪಿನ್ನು ಬಾಯಲ್ಲಿ ಕಚ್ಚಿಕೊಂಡು ಹೂಂಗುಟ್ಟಿದಳು. ಹೊಲಿಯಲು ಬಟ್ಟೆಯಿಲ್ಲದಾಗಲೂ ಕಚ್ಚಿಕೊಂಡಳು. ಗುರುವಾರ ಬೆಳಿಗ್ಗೆ ರೈಟು ಅಳಿಸಿ ಚೀಟಿಯನ್ನು ಊಟದ ಡಬ್ಬಿಯ ಜೊತೆ ಕೊಟ್ಟಳು.

"ಏನ್ರೀ, ಇದಕ್ಕೆ ಒಂಬತ್ತು ತಾಳೆ ಆಗ್ತಿಲ್ಲ. ಇನ್ನೊಂದ್ಸಲ ಮಾಡ್ಬಿಡಿ."

ಸಂಜೆ ಬಂದವನು ಚಪ್ಪಲಿಯನ್ನೂ ಬಿಡಲಿಲ್ಲ.

"ಹೋಯ್ತು ಕಣೇ."

"ಏನು ಹೋಯ್ತು?"

"ಪೂರ್ತಿ ಹೋಯ್ತು. ಶೇಷ ಸೊನ್ನೆ. ನಡುವೆ ಎರಡು ಜಲ್ಲಿ ಲಾರಿ ಬಂತು, ತೂಗಿ ಕಳಿಸಿ ಮತ್ತೆ ನೋಡಿದೆ. ಆಗ್ಲೂ ಸೊನ್ನೇನೇ."

ಅವಳಿಗೆ ಕಣ್ಣಲ್ಲಿ ನೀರು ಬಂತು. "ಆ ಇನ್ನೊಂದು, 513239, ಅದನ್ನ ಒಡೀಬೇಕಲ್ವಾ?" ಎಂದಳು, ಏನಾದರೂ ಕೇಳಬೇಕೆಂದು.

"ಅದನ್ನ ಒಡೆಯೋದು ಇದನ್ನೂ ಒಡೀಬೇಕಿತ್ತು. ಅಂಥದ್ದನ್ನೆಲ್ಲ ಮೊದಲನೇ ವರ್ಷಾನೇ ನೋಡಾಗಿದೆ. ಇನ್ನೇನೂ ಉಳಿದಿಲ್ಲ. ಆಮೇಲಿನ ನೂರ ಮೂವತ್ತು ಚೀಟಿ ದಂಡ, ಅಷ್ಟೇ."

ಆ ಇನ್ನೊಂದನ್ನು ತಾನು ಅವಳಿಗೆ ಹೇಳಿಯೇ ಇರಲಿಲ್ಲವೆಂದು ಆಮೇಲೆ ಹೊಳೆಯಿತು. ಕೂತು, ಹಳೆಯ ಚೀಟಿ ತೆಗೆದು, ಅಂಕಿಗಳನ್ನು ತಾನೇ ಕೂಡಿಸಿದ. ಮತ್ತೊಮ್ಮೆ ಕೂಡಿಸಿದ.

"ಒಂಬತ್ತು ತಾಳೆ ಆಗ್ತಿದೆಯಲ್ಲೇ."

ಗುಂಡುಪಿನ್ನಿನ ಡಬ್ಬಿ ಕೈಗೆಟುಕಲಿಲ್ಲ. "ಮಗಳ ಫೋನಲ್ಲಿ ನೋಡಿದೆ," ಎಂದಳು.

"ಯಾವತ್ತು?"

"ಸೋಮವಾರ."

ಅವನು ಬೆರಳು ಮಡಚಿ ಎಣಿಸಿ, ಅವಳನ್ನು ನೋಡಿದ. ಆ ಸೊನ್ನೆಯನ್ನೂ ಅವನು ಹೀಗೆ ಬೆರಗಾಗಿ ನೋಡಿರಲಿಕ್ಕಿಲ್ಲ.

"ನಾಲ್ಕು ದಿನ ಬಾಯ್ಬಿಟ್ಟಿಲ್ಲ," ಎಂದ. "ನೀನು?"