ಮಾಳಿಗೆ ಕೆಳಗಿನ ಒಲೆ

ಈರಕ್ಕ ಹೆದರದ ವಸ್ತು ಯಾವುದಾದರೂ ಇದೆಯೇ ಎಂದು ಕೇಳಿದರೆ ಹಟ್ಟಿಯವರು ಒಂದು ಗಳಿಗೆ ಯೋಚಿಸಬೇಕಾಗುತ್ತದೆ. ಗುಡುಗೆಂದರೆ ಹೆದರಿಕೆ, ಕರೆಂಟೆಂದರೆ ಹೆದರಿಕೆ, ಶಿರಾಕ್ಕೆ ಹೋಗುವ ಬಸ್ಸಿನ ಬಾಗಿಲೆಂದರೆ ಹೆದರಿಕೆ. ಸೊಸೆ ಬಂದ ಮೇಲೆ ಮನೆಗೆ ಗ್ಯಾಸ್ ಬಂತಲ್ಲ, ಆ ಕೆಂಪು ಸಿಲಿಂಡರಿನ ಮುಂದೆ ಹಾಯುವಾಗಲೆಲ್ಲ ಸೆರಗು ಬಿಗಿಯಾಗಿ ಸುತ್ತಿಕೊಂಡು, ಮಲಗಿದ ನಾಯಿಯನ್ನು ದಾಟುವವರ ಹಾಗೆ ಕಾಲು ಎತ್ತಿಡುತ್ತಿದ್ದಳು. ಮಗ ಅಂಜಿನಮೂರ್ತಿ ಲಗೇಜ್ ಆಟೋ ಕೊಂಡಾಗ ಹಟ್ಟಿಗೆ ಹಟ್ಟಿಯೇ ಹತ್ತಿ ಒಂದು ಸುತ್ತು ಹೋಗಿ ಬಂತು. ಹೆತ್ತ ತಾಯಿ ಮಾತ್ರ ಅದರ ಮೂತಿಗೆ ಕುಂಕುಮ ಇಟ್ಟು ಹಿಂದೆ ಸರಿದಳು. ಹೆಂಗಸರು ಅವಳಿಗೆ ಪುಕ್ಕಲಕ್ಕ ಎಂದು ಹೆಸರಿಟ್ಟಿದ್ದರು. ಎದುರಿಗೇ ಹಾಗೆ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು.

"ಇವಳ ಮಾತು ಕೇಳ್ಕಂಡು ಕುಂತಿದ್ರೆ ನಾನು ಕುರಿ ಹೊಡ್ಕಂಡು ಕೆರೆ ಏರಿ ದಾಟೋಕೂ ಆಗ್ತಿರ್ನಿಲ್ಲ ಕಣ್ಲಾ" ಎಂದು ಗಂಡ ಮಾರಣ್ಣ ಬಂದವರೆದುರು ನಗುತ್ತಿದ್ದ. ಅವಳು ಬೇಡ ಅಂದದ್ದನ್ನೇ ಮಾಡುವುದು ಅವನಿಗೆ ಅಭ್ಯಾಸವಾಗಿತ್ತು, ಮತ್ತು ಮಾಡಿದಾಗಲೆಲ್ಲ ಏನೂ ಆಗುತ್ತಿರಲಿಲ್ಲ. ಕಷ್ಟವಾಗಿದ್ದೇ ಅದು. ಅವಳು ಹೆದರಿದ್ದೆಲ್ಲ ಸುಳ್ಳಾಗುತ್ತಾ ಬಂದು, ಕೊನೆಗೆ ಅವಳ ಹೆದರಿಕೆಗೆ ಆ ಮನೆಯಲ್ಲಿ ಕವಡೆ ಕಿಮ್ಮತ್ತೂ ಇಲ್ಲದಂತಾಯಿತು.

ಆದರೆ ಒಂದು ಹೆದರಿಕೆಯನ್ನು ಈರಕ್ಕ ಯಾರ ಕಿವಿಗೂ ಹಾಕಿರಲಿಲ್ಲ. ಅದು ಅವಳ ತಲೆಯ ಮೇಲಿನ ಮಾಳಿಗೆಯದು. ಪಟ್ಟನಾಯಕನಹಳ್ಳಿ ಕಡೆಯ ಹಳೆಯ ಮನೆಗಳಂತೆ ಅವರದೂ ಮಣ್ಣಿನ ಮಾಳಿಗೆ. ಗೋಡೆಯಿಂದ ಗೋಡೆಗೆ ದಪ್ಪ ತೊಲೆ, ಅದರ ಮೇಲೆ ಸಾಲಾಗಿ ಜಂತೆ, ಜಂತೆಯ ಮೇಲೆ ಸೊಪ್ಪು ಸದೆ, ಅದರ ಮೇಲೆ ಮಣ್ಣು. ಮಳೆ ಶುರುವಾಗುವ ಮುಂಚೆ ಚೌಳು ಮಣ್ಣು ತಂದು ಮೇಲೆ ಹರಡಬೇಕು. ಅದು ನೀರು ಇಳಿಯಗೊಡುವುದಿಲ್ಲ. ಮಾರಣ್ಣನ ತಾತ ಹರಡಿದ್ದ, ಅಪ್ಪ ಹರಡಿದ್ದ, ಮಾರಣ್ಣನೂ ತಪ್ಪದೆ ಹರಡುತ್ತಿದ್ದ. ಹಳೆಯದನ್ನು ಕೆರೆದು ಇಳಿಸಿದವರು ಮಾತ್ರ ಯಾರೂ ಇಲ್ಲ.

ಈರಕ್ಕನ ತವರು ಪಾವಗಡದಾಚೆ, ಅರ್ಧ ತೆಲುಗು ಅರ್ಧ ಕನ್ನಡದ ಊರು. ಅವಳು ಲಂಗ ಉಡುವ ವಯಸ್ಸಿನಲ್ಲಿ ಪಕ್ಕದ ಮನೆಯ ಮಾಳಿಗೆ ಕುಸಿದು, ಬೀಸುವ ಕಲ್ಲಿನ ಮುಂದೆ ಕೂತಿದ್ದ ಹೆಂಗಸು ಕೂತಲ್ಲೇ ಮಣ್ಣಾಗಿದ್ದಳು. ಹೊರಗೆ ತೆಗೆದಾಗ ಕೈ ಕಲ್ಲಿನ ಗೂಟ ಹಿಡಿದೇ ಇತ್ತು. "ಮನ್ನು ರಾಲಿತೇ ಬೈಟಕಿ ವಚ್ಚೈ" ಎಂದು ಅಂದು ಈರಕ್ಕನ ತಾಯಿ ಅವಳ ರಟ್ಟೆ ಹಿಡಿದು ಹೇಳಿದ್ದಳು. ಮಣ್ಣು ಉದುರಿದರೆ ಹೊರಗೆ ಬಂದುಬಿಡು, ಏನನ್ನೂ ಎತ್ತಿಕೊಳ್ಳಬೇಡ ಅಂತ. ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ಈರಕ್ಕ ಮುದ್ದೆ ತಿರುವುವಾಗ ಒಂದು ಕಿವಿಯನ್ನು ಮೇಲೆ ಇಟ್ಟೇ ತಿರುವುತ್ತಿದ್ದಳು.

ಇಂಥ ಮನೆಯ ಅಡುಗೆಕೋಣೆ ದೊಡ್ಡದು ಮಾಡುವ ಮಾತು ತೆಗೆದದ್ದು ಸೊಸೆ ಲೋಹಿತಾ. ಅವಳದೇನೂ ತಪ್ಪಿಲ್ಲ. ಆ ಕೋಣೆಯಲ್ಲಿ ಒಬ್ಬಳು ಕೂತರೆ ಇನ್ನೊಬ್ಬಳು ಬಾಗಿಲಲ್ಲಿ ನಿಲ್ಲಬೇಕು. ಹೊಗೆಗೆ ಇದ್ದದ್ದು ಒಂದು ಬೆಳಕಿಂಡಿ. ಬಾಗಿಲ ಪಟ್ಟಿ ಎಷ್ಟು ತಗ್ಗೆಂದರೆ ಅಂಜಿನಮೂರ್ತಿಯ ಹಣೆಯ ಮೇಲೆ ಅದರ ಗುರುತು ಕಾಯಮ್ಮಾಗಿ ಉಳಿದಿತ್ತು. ಲೋಹಿತಾ ಮೊಬೈಲಿನಲ್ಲಿ ಕಡಪಾ ಕಲ್ಲಿನ ಕಟ್ಟೆ, ಸಿಂಕು, ಗೋಡೆಗೆ ಟೈಲ್ಸು ಎಲ್ಲ ತೋರಿಸಿದಾಗ ಈರಕ್ಕ "ನಿಂತ್ಕಂಡು ಬೇಯ್ಸಿದ್ರೆ ಮುದ್ದೆ ಮುದ್ದೆ ಆಯ್ತದೇನವ್ವ?" ಎಂದು ಮೂಗು ಮುರಿದಳು. ಆದರೆ ಒಳಗೊಳಗೇ ಮಂಡಿನೋವಿನ ಹೆಂಗಸಿಗೆ ಆಸೆಯಾಯಿತು. ಅದನ್ನು ಮುಚ್ಚಿಟ್ಟುಕೊಂಡು, ಮಗ ಕೇಳಿದಾಗ "ಮಾಡಿಸ್ಲಾ, ನಿನ್ನ ಎಂಡ್ರು ಆಸೆ ಪಟ್ಟವ್ಳೆ" ಅಂದಳು.

ಮೇಸ್ತ್ರಿ ಶಿರಾದ ನವಾಜ್. ಮಾತು ಕಮ್ಮಿ, ಫೋನು ಜಾಸ್ತಿ, ಒಂದೇ ಸಲಕ್ಕೆ ನಾಲ್ಕು ಕಡೆ ಕೆಲಸ ಹಿಡಿದು ಯಾವುದಕ್ಕೂ ಪೂರಾ ದಿನ ಕೊಡದ ಮನುಷ್ಯ. ಹಿತ್ತಲ ಕಡೆ ಹೊಸ ಕೋಣೆ ಎಬ್ಬಿಸಿ ಮೇಲೆ ಸಿಮೆಂಟಿನ ಮೋಲ್ಡ್ ಹಾಕಿದ. ಅದು ಒಣಗಿ ಗಟ್ಟಿಯಾಯಿತು. ಇನ್ನು ಹಳೆ ಅಡುಗೆಕೋಣೆಯ ಹಿಂಗೋಡೆ ಒಡೆದು ಎರಡನ್ನೂ ಒಂದು ಮಾಡಬೇಕು.

"ಮೊದ್ಲು ಒಲೆ ಅಂಗಳಕ್ಕೆ ಹಾಕ್ಕೊಳ್ಳಿ, ಮಾಳಿಗೆ ಇಳಿಸ್ಬುಡಾಣ. ಆಮೇಲೆ ಗೋಡೆ" ಅಂದ ನವಾಜ್.

ಮಾರಣ್ಣ ಒಪ್ಪಲಿಲ್ಲ. ಅವರ ವಂಶದಲ್ಲಿ ಒಂದು ನಡಾವಳಿ. ಹೊಸ ಒಲೆ ಹೂಡಿದರೆ ಹಳೆ ಒಲೆಯ ಕೆಂಡವನ್ನು ಮನೆಯ ಹಿರಿಯ ಗಂಡಸು ಒಡೆದ ಮಡಕೆಯ ಬೋಕಿಯಲ್ಲಿ ತೆಗೆದುಕೊಂಡು ಹೋಗಿ ಅದಕ್ಕೆ ಹಾಕಬೇಕು, ಅದರ ಮೇಲೆ ಹಾಲು ಉಕ್ಕಿಸಬೇಕು. ಅಲ್ಲಿವರೆಗೂ ಹಳೆ ಒಲೆ ದಿನಾ ಉರಿಯಬೇಕು. ಸಾವಾದ ಮನೆಯಲ್ಲಿ ಮಾತ್ರ ಒಲೆ ಆರುತ್ತದೆ, ಅಂಗಳದಲ್ಲಿ ಒಲೆ ಹೂಡುವುದೂ ಅಂಥ ಮನೆಯವರೇ. ಮಾರಣ್ಣನ ಅಕ್ಕ ಹನುಮಕ್ಕ ಪಕ್ಕದ ಮನೆಯಲ್ಲೇ ಇದ್ದಳು, ಶಾಸ್ತ್ರದ ವಿಷಯದಲ್ಲಿ ಅವಳದೇ ಕೊನೆಯ ಮಾತು. ಅವಳೂ ಬೇಡವೆಂದು ತಲೆ ಆಡಿಸಿಬಿಟ್ಟಳು. "ಕಟ್ಟೆ ಮ್ಯಾಲೆ ಗ್ಯಾಸ್ ಆದ್ರೂ ಮಡಿಕಳಿ, ಏನಾದ್ರೂ ಮಡಿಕಳಿ. ಮೂಲೇಲಿ ಒಂದು ಸೌದೆ ಒಲೆ ಇರ್ಬೇಕು, ಅದಕ್ಕೆ ಇದೇ ಬೆಂಕಿ ಬೀಳ್ಬೇಕು."

ಹೊಸ ಒಲೆಯ ಮಣ್ಣು ಇನ್ನೂ ಹಸಿ, ಒಳ್ಳೆಯ ದಿನ ಬೇರೆ ಮುಂದಕ್ಕಿತ್ತು. ನವಾಜನಿಗೆ ಬೇರೆ ಕಡೆ ಮೋಲ್ಡಿನ ಅವಸರ. ಗೋಡೆ ಒಡೆದ, ತೊಲೆಯ ತುದಿಗೆ ನೀಲಗಿರಿ ಕಂಬಗಳ ಆಸರೆ ಕೊಟ್ಟ, "ಮೇಲೆ ಯಾರೂ ಹತ್ತಬೇಡಿ, ಏನೂ ಹೇರಬೇಡಿ" ಎಂದು ಹೇಳಿ ಬೈಕ್ ಹತ್ತಿದ.

ಅಂದಿನಿಂದ ಈರಕ್ಕನ ಕಣ್ಣು ಆ ಕಂಬಗಳ ಮೇಲೇ. ಅಷ್ಟು ವರ್ಷ ಗೋಡೆಯ ಮೇಲೆ ಕೂತಿದ್ದ ತೊಲೆ ಈಗ ಎರಡು ಕೋಲಿನ ಮೇಲೆ ನಿಂತಿದೆ, ಅದರ ಕೆಳಗೆ ಒಲೆ ಉರಿಯಬೇಕು, ಒಲೆಯ ಮುಂದೆ ಯಾರಾದರೂ ಕೂರಬೇಕು. ಲೋಹಿತಾ ಸೌದೆ ಹಿಡಿದು ಒಳಗೆ ಬಂದರೆ "ನೀನು ಬರ್ಬ್ಯಾಡ, ನಿಂಗೆ ಉಪ್ಪು ಖಾರ ಹಾಕೋಕೆ ಬರಲ್ಲ" ಎಂದು ಗದರಿ ಕಳಿಸಿದಳು. ಸೊಸೆಗೆ ಬೇಜಾರಾಯಿತು, ಆಗಲಿ ಎಂದು ಈರಕ್ಕ ಅಂದುಕೊಂಡಳು. ಮೂರು ವರ್ಷದ ಮೊಮ್ಮಗಳು ಯಶಸ್ವಿನಿ ಅಜ್ಜಿಯ ತೊಡೆ ಹುಡುಕಿಕೊಂಡು ಬಂದರೆ ಪೊರಕೆ ಎತ್ತಿ ಓಡಿಸಿದಳು. ಆ ಮಗುವಿನ ಮೇಲೆ ಅವಳು ಎಂದೂ ಕೈ ಎತ್ತಿದವಳಲ್ಲ. ಮಗು ಕಣ್ಣು ತುಂಬಿಕೊಂಡು ನಡುಮನೆಯ ಹೊಸಿಲ ಮೇಲೆ ಕೂತು ನೋಡುತ್ತಿದ್ದರೆ ಈರಕ್ಕ ಒಲೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಹಾಗೆ, ಹಟ್ಟಿಯಲ್ಲೇ ಅತಿ ಪುಕ್ಕಲು ಹೆಂಗಸು ಆ ಮಾಳಿಗೆಯ ಕೆಳಗೆ ಒಬ್ಬಳೇ ಕೂತು ಮನೆಮಂದಿಗೆಲ್ಲ ಬೇಯಿಸಿದಳು. ಇಲಿ ಓಡಿದರೂ ಅರ್ಧ ಎದ್ದು ಮೇಲೆ ನೋಡುತ್ತಿದ್ದಳು. ಸಾರಿಗೆ ಒಗ್ಗರಣೆ ಚಟಪಟ ಅಂದರೆ ಆ ಸದ್ದಿನಲ್ಲಿ ಮೇಲಿನ ಸದ್ದು ಕೇಳದೆ ಹೋದೀತೆಂದು ಒಗ್ಗರಣೆ ಹಾಕುವುದನ್ನೇ ಬಿಟ್ಟಳು. ಸಾರು ಸಪ್ಪೆಯೆಂದು ಮಾರಣ್ಣ ತಟ್ಟೆ ದೂಡಿದ. "ಮಾಳಿಗೆ ಇಳಿಸ್ಬುಡಾಣ ಕಣಯ್ಯಾ, ನಂಗ್ಯಾಕೋ ಜೀವ ತಡೀತಿಲ್ಲ" ಅಂದದ್ದಕ್ಕೆ ಅವನು ನಕ್ಕ. "ಸಿಲಿಂಡರ್ ಸಿಡೀತದೆ ಅಂದೆ, ಸಿಡೀತಾ? ಆಟೋ ಮಗುಚ್ಕತದೆ ಅಂದೆ, ಮಗುಚ್ಕಂತಾ?"

ಒಲೆ ಹೂಡುವುದು ಸೋಮವಾರವೆಂದು ನಿಶ್ಚಯವಾಗಿತ್ತು. ಭಾನುವಾರ ಮಧುಗಿರಿ ದಿಕ್ಕಿನಿಂದ ಮೋಡ ಎದ್ದಿತು. ಮಾರಣ್ಣ ಕೆರೆಯಂಗಳದಿಂದ ಚೌಳು ಮಣ್ಣು ತರಿಸಿ ಏಣಿ ಹಾಕಿದ.

"ಮೇಸ್ತ್ರಿ ಹತ್ತಬ್ಯಾಡ ಅಂದವ್ನೆ!" ಈರಕ್ಕ ಏಣಿಯ ಬುಡ ಹಿಡಿದುಕೊಂಡಳು.

"ಅವ್ನಿಗೆ ಮೋಲ್ಡ್ ಗೊತ್ತು, ಮಾಳಿಗೆ ಏನು ಗೊತ್ತು? ಗೋಡೆ ಬಾಯಿ ಬಿಟ್ಕಂಡೈತೆ, ನೀರು ಇಳಿದ್ರೆ ಎಲ್ಲಾ ಕರಗಿ ಹೋಯ್ತದೆ. ಬುಡು ಕೈಯ."

ಅವನು ಬುಟ್ಟಿಗಟ್ಟಲೆ ಸುರಿದ, ಕಾಲಿನಿಂದ ತುಳಿದು ಹದ ಮಾಡಿದ. ಅಪ್ಪ ತಾತ ಮಾಡಿದ್ದನ್ನೇ ಮಾಡಿದ, ಮನೆ ಉಳಿಯಲಿ ಎಂದೇ ಮಾಡಿದ. ಈರಕ್ಕ ಕೆಳಗೆ ನಿಂತು ಅವನ ಒಂದೊಂದು ತುಳಿತಕ್ಕೂ ಕಣ್ಣು ಮುಚ್ಚುತ್ತಿದ್ದಳು. ರಾತ್ರಿ ಹದವಾದ ಮಳೆ ಬಂತು. ಒಂದು ಹನಿಯೂ ಸೋರಲಿಲ್ಲ. ಬೆಳಿಗ್ಗೆ ಮಾರಣ್ಣ ಮೀಸೆ ತಿರುವಿಕೊಂಡು ಓಡಾಡಿದ. ಆ ನೀರೆಲ್ಲ ಮೇಲಿನ ಮಣ್ಣು ಕುಡಿದು ಭಾರವಾಗಿ ಕೂತಿದೆ ಎನ್ನುವುದು ಅವನ ಲೆಕ್ಕಕ್ಕೆ ಬರಲೇ ಇಲ್ಲ.

ಹೊಸ ಕೋಣೆಯನ್ನು ಲೋಹಿತಾ ಸಾರಿಸಿ ರಂಗೋಲಿ ಇಟ್ಟಿದ್ದಳು. ಮೂಲೆಯಲ್ಲಿ ಹೊಸ ಒಲೆ, ಅದಕ್ಕೆ ಹೂವು, ಪಕ್ಕದಲ್ಲಿ ಪೂಜೆಗೆ ಮಡಿಯಲ್ಲಿ ತುಂಬಿ ತಂದ ನೀರಿನ ಬಿಂದಿಗೆ. ಹಾಲು ತರಲು ಹೋದ ಅಂಜಿನಮೂರ್ತಿ ತಡಮಾಡಿದ. ಅಷ್ಟರಲ್ಲಿ ಹನುಮಕ್ಕ "ರಾಹುಕಾಲ ಹಿಡಿದ್ಬುಡ್ತು, ಅದು ಕಳೀಲಿ" ಎಂದಳು. "ಅಲ್ಲಿಗಂಟ ಒಲೆ ಆರ್ದಂಗೆ ನೋಡ್ಕಳ್ಳಪ್ಪ" ಎಂದು ತಮ್ಮನಿಗೆ ಹೇಳಿದಳು. ಮಾರಣ್ಣ ಬೋಕಿ ಹಿಡಿದು ಹಳೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಹೆಂಗಸರು, ಮಗು ಎಲ್ಲ ಹೊಸ ಕೋಣೆಯಲ್ಲಿ. ಅಷ್ಟು ದಿನ ತಾನು ಕೂತ ಜಾಗದಲ್ಲಿ ಗಂಡ ಕೂತದ್ದನ್ನು ಒಡೆದ ಗೋಡೆಯ ಈಚೆಯಿಂದ ನೋಡುವಾಗ ಈರಕ್ಕನಿಗೆ ತಾನು ಕೂತದ್ದಕ್ಕಿಂತ ಹೆಚ್ಚು ಭಯವಾಯಿತು.

ಆಗ ಉದುರಿತು. ಮೊದಲು ಮಾರಣ್ಣನ ಹೆಗಲ ಮೇಲಿನ ಕಂಬಳಿಗೆ, ಜರಡಿಯಿಂದ ರಾಗಿ ಹಿಟ್ಟು ಬಿದ್ದ ಹಾಗೆ. ಅವನು ಕೈಯಿಂದ ಕೊಡವಿಕೊಂಡ. ಮತ್ತೆ ಉದುರಿತು. ನೀಲಗಿರಿ ಕಂಬದ ಬುಡ ಹಸಿ ನೆಲದಲ್ಲಿ ಒಂದಿಷ್ಟು ಜಾರಿ ಕಿರ್ ಎಂದಿತು.

"ಎದ್ದು ಬಾ! ಮಣ್ಣು ಉದುರ್ತೈತೆ, ಎದ್ದು ಬಾರಯ್ಯಾ!"

"ಶುರುವಾಯ್ತಾ ನಿಂದು?" ಅವನು ತಿರುಗಿ ಕೂಡ ನೋಡಲಿಲ್ಲ. ಬಗ್ಗಿ ಕೆಂಡ ಊದುತ್ತಿದ್ದ. ಹನುಮಕ್ಕ "ಒಳ್ಳೆ ಟೈಮ್ನಾಗೆ ಅಪಶಕುನ ನುಡೀಬ್ಯಾಡ ಕಣಮ್ಮ" ಎಂದು ಬೈದಳು.

ಈರಕ್ಕನಿಗೆ ಗೊತ್ತಿತ್ತು. ಇನ್ನೊಂದು ಸಲ ಕೂಗಿದರೂ ಅವನು ಏಳುವುದಿಲ್ಲ, ಹತ್ತು ಸಲ ಕೂಗಿದರೂ ಏಳುವುದಿಲ್ಲ. ಹೋಗಿ ಎಳೆದರೆ ಕೈ ಕೊಡವುತ್ತಾನೆ, ಅವಳ ಶಕ್ತಿಗೆ ಅಲುಗುವ ಆಳಲ್ಲ. ಈ ಗಂಡಸು ಭಯಕ್ಕೆ ಹೊರಗೆ ಬರುವವನಲ್ಲ, ಬಂದರೆ ಸಿಟ್ಟಿಗೇ ಬರಬೇಕು. ಅದು ಅವಳಿಗೆ ಹೊಳೆದದ್ದೇ ತಡ, ಪೂಜೆಯ ಬಿಂದಿಗೆ ಸೊಂಟಕ್ಕೆ ಬಂದಿತ್ತು. ಲೋಹಿತಾ "ಅತ್ತೇ!" ಎಂದದ್ದು ಕೇಳಿಸಿತು. ತಾಯಿ ಎಲ್ಲಿಂದ ಹೊರಗೆ ಬಾ ಅಂದಿದ್ದಳೋ ಅಲ್ಲಿಗೇ ಅವಳು ಒಳಗೆ ನುಗ್ಗಿದಳು. ತಲೆಯ ಮೇಲೆ, ಕತ್ತಿನೊಳಗೆ ಮಣ್ಣು ಬಿತ್ತು. ಉರಿಯುವ ಒಲೆಯ ಬಾಯಿಗೆ ಬಿಂದಿಗೆ ಬೋರಲು ಹಾಕಿದಳು.

ಚೊಯ್ ಎಂದು ಬೂದಿ, ಹೊಗೆ, ಆವಿ ಎಲ್ಲ ಒಟ್ಟಿಗೆ ಮೇಲೆದ್ದಿತು. ಮಾರಣ್ಣನಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ತಿಳಿದ ಮೇಲೆ ಅವನ ಬಾಯಿಂದ ಮೊದಲು ಬಂದದ್ದು ಮಾತಲ್ಲ, ಗರ್ಜನೆ. ವಂಶದ ಬೆಂಕಿ, ಅಪ್ಪ ತಾತ ಆರಗೊಡದ ಬೆಂಕಿ, ಕಟ್ಟಿಕೊಂಡ ಹೆಂಡತಿಯ ಕೈಯಲ್ಲಿ ಆರಿಹೋಗಿತ್ತು.

"ಮನೆಹಾಳಿ!" ಎಂದು ಎದ್ದ.

ಈರಕ್ಕ ಬಿಂದಿಗೆ ಅಲ್ಲೇ ಎಸೆದು ಓಡಿದಳು. ಮಂಡಿನೋವು ಎಲ್ಲಿ ಹೋಗಿತ್ತೋ. ಒಡೆದ ಗೋಡೆ ದಾಟಿ ಹೊಸ ಕೋಣೆಗೆ, ರಂಗೋಲಿ ತುಳಿದು, ಎದುರಿನ ಗೋಡೆಗೆ ಬೆನ್ನು ಹಚ್ಚಿ ನಿಂತಳು. ಅವನು ಅಟ್ಟಿಸಿಕೊಂಡು ಬಂದ. ಇಷ್ಟು ವರ್ಷದಲ್ಲಿ ನಕ್ಕಿದ್ದ, ರೇಗಿದ್ದ, ಹೊಡೆದವನಲ್ಲ. ಅಂದು ಬಲಗೈ ಎತ್ತಿಯೇಬಿಟ್ಟ. ಮಗು ಕಿಟಾರನೆ ಕಿರುಚಿತು.

ಅವನ ಬೆನ್ನ ಹಿಂದೆ ತೊಲೆ ಮುರಿಯಿತು. ಸದ್ದು ಅವಳು ಎಣಿಸಿದ್ದಷ್ಟು ದೊಡ್ಡದಿರಲಿಲ್ಲ. ಧಪ್ ಎಂದು ಒಂದೇ ಏಟು, ಆಮೇಲೆ ಬಹಳ ಹೊತ್ತು ಮಣ್ಣು ಸುರಿಯುವ ಸದ್ದು. ಕೆಂಪು ದೂಳು ಹೊಸ ಕೋಣೆಗೆ ನುಗ್ಗಿ ಒಬ್ಬರ ಮುಖ ಒಬ್ಬರಿಗೆ ಕಾಣದಂತಾಯಿತು. ದೂಳು ಇಳಿದಾಗ ಒಲೆ ಇದ್ದ ಜಾಗದಲ್ಲಿ ಎದೆಮಟ್ಟದ ಮಣ್ಣಿನ ಗುಡ್ಡೆ, ಅದರೊಳಗಿಂದ ಹೊರಗೆ ಚಾಚಿಕೊಂಡ ಜಂತೆಗಳು, ಮೇಲೆ ಬರೀ ಆಕಾಶ.

ಹನುಮಕ್ಕ ಎದೆ ಬಡಿದುಕೊಂಡು ಅಳತೊಡಗಿದಳು. ಯಾರನ್ನು ಕಳೆದುಕೊಂಡು ಅಳುತ್ತಿದ್ದಾಳೋ ಅವಳಿಗೇ ಗೊತ್ತಿರಲಿಲ್ಲ. ಮಾರಣ್ಣ ತಿರುಗಿ ಆ ಗುಡ್ಡೆಯನ್ನು ನೋಡಿದ. ನೋಡುತ್ತಲೇ ಇದ್ದ. ಎತ್ತಿದ ಕೈ ಹಾಗೇ ನಿಂತಿತ್ತು.

ಈರಕ್ಕ ಆ ಕೈಯನ್ನು ಎರಡೂ ಕೈಯಿಂದ ಹಿಡಿದು ಕೆಳಗಿಳಿಸಿದಳು. ಹಿಡಿದದ್ದನ್ನು ಬಿಡಲಿಲ್ಲ. ಹಟ್ಟಿಯ ಜನ ಓಡಿ ಬಂದರು. ಹಾಲಿನ ಕ್ಯಾನು ಹಿಡಿದ ಅಂಜಿನಮೂರ್ತಿ ಬಂದ. ಯಾರೋ ಪುಕ್ಕಲಕ್ಕನ ಹೆಸರು ಹಿಡಿದು ಏನೋ ಹೊಗಳಿದರು, ಅದು ಅವಳ ಕಿವಿಗೆ ಬೀಳಲಿಲ್ಲ. ಭಯ ಹೋಗಿರಲಿಲ್ಲ, ಈಗ ಇನ್ನೂ ಹೆಚ್ಚಾಗಿತ್ತು. ಲೋಹಿತಾ ನೀರು ತಂದು "ಕುಡೀರಿ ಅತ್ತೆ, ಕೈ ಬಿಡಿ" ಅಂದರೂ ಬಿಡದೆ, ಸೊಸೆ ಹಿಡಿದ ಲೋಟಕ್ಕೆ ಬಾಯಿ ಹಚ್ಚಿ ಕುಡಿದಳು.

ನಾಲ್ಕು ಜನರೆದುರು ಹೆಂಡತಿ ಪಕ್ಕದಲ್ಲಿ ಕೂತರೂ ಎದ್ದು ಹೋಗುವ ಸಂಕೋಚದ ಮನುಷ್ಯ ಮಾರಣ್ಣ. ಅವನು ಆ ಊರ ಮಂದಿಯ ನಡುವೆ ಅವಳ ಪಕ್ಕದಲ್ಲೇ ನೆಲಕ್ಕೆ ಕುಸಿದು ಕೂತ. ಕೈ ಬಿಡಿಸಿಕೊಳ್ಳಲಿಲ್ಲ.